ಹಳೆಯ ಫೋರ್ಡ್ ಕ್ರ್ಯಾಂಕು ಅಳೆಯಲು ವರ್ನಿಯರ್, ಪ್ಲಾಸ್ಟಿಗೇಜ್, ಮೈಕ್ರೋಮೀಟರ್: ಮೂರನ್ನೂ ಬಳಸಿ ನೋಡಿದೆ

ನನ್ನ ಫೋರ್ಡ್ ಮಾಡೆಲ್ ಎ ಎಂಜಿನ್ ಬಿಚ್ಚಿದಾಗ ಬೆಂಚಿನ ಮೇಲೆ ಎರಡು ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನಿನ ಮೇಲೆ-ಕೆಳಗಿನ ಓಡಾಟವನ್ನು ತಿರುಗುವಿಕೆಯಾಗಿ ಬದಲಿಸುವ ದಂಡ) ಇದ್ದವು. ಒಂದು ಅದೇ ಎಂಜಿನ್ನಿನದು. ಇನ್ನೊಂದು ಬಿಡಿಭಾಗಗಳ ಜೊತೆ ಬಂದದ್ದು. ಕೊಟ್ಟವರು 'ಮಾಡೆಲ್ ಎ ಕ್ರ್ಯಾಂಕು, ಸ್ಟ್ಯಾಂಡರ್ಡ್ ಸೈಜ್' ಅಂದಿದ್ದರು. ಯಾವುದನ್ನು ಹಾಕಬೇಕು, ಗ್ರೈಂಡಿಂಗ್ (ಸವೆದ ಭಾಗವನ್ನು ಉಜ್ಜಿ ಮತ್ತೆ ಗುಂಡಗೆ ಮಾಡುವುದು) ಬೇಕಾ ಬೇಡ್ವಾ ಅಂತ ತಿಳಿಯಬೇಕಿತ್ತು. ಕೈಯಲ್ಲಿ ಮೂರು ಸಾಧನಗಳಿದ್ದವು. ಮೂರರಿಂದಲೂ ಅದೇ ಜರ್ನಲ್‌ಗಳನ್ನು, ಅಂದರೆ ಕ್ರ್ಯಾಂಕಿನಲ್ಲಿ ಬೇರಿಂಗಿನೊಳಗೆ ತಿರುಗುವ ನುಣುಪಾದ ಗುಂಡನೆಯ ಭಾಗಗಳನ್ನು, ಅಳೆದೆ.

ಮೊದಲು ವರ್ನಿಯರ್ ಕ್ಯಾಲಿಪರ್. ಇದು ಎರಡೇ ನಿಮಿಷದಲ್ಲಿ ದೊಡ್ಡ ಸಹಾಯ ಮಾಡಿತು. ಮಾಡೆಲ್ ಎ ಕ್ರ್ಯಾಂಕಿನ ಮೇನ್ ಜರ್ನಲ್ (ಎಂಜಿನ್ ಬ್ಲಾಕಿನಲ್ಲಿ ಕೂರುವುದು) ಹೊಸದಿದ್ದಾಗ ಸುಮಾರು 1.624 ಇಂಚು, ಅಂದರೆ 41.25 ಮಿ.ಮೀ. ಪಿಸ್ಟನ್ನಿನ ರಾಡ್ ಕೂರುವ ಪಿನ್ 1.499 ಇಂಚು, 38.07 ಮಿ.ಮೀ. ಆ ಎರಡನೇ ಕ್ರ್ಯಾಂಕಿನ ಮೇನ್ ಜರ್ನಲ್ ಮೇಲೆ ವರ್ನಿಯರ್ ಹಿಡಿದರೆ 50 ಮಿ.ಮೀ. ದಾಟಿತು! ಅದು 1932ರಲ್ಲಿ ಬಂದ ಮಾಡೆಲ್ ಬಿ ಎಂಜಿನ್ನಿನದು. ಅದರ ಮೇನ್ 2 ಇಂಚಿನ ಹತ್ತಿರ, ರಾಡ್ ಪಿನ್ 1.875 ಇಂಚಿನ ಹತ್ತಿರ ಇರುತ್ತವೆ.

ಇಲ್ಲಿ ಮೋಸ ಹೋಗುವುದು ಸುಲಭ. ಎ, ಬಿ ಎರಡಕ್ಕೂ ನಾಲ್ಕು ಸಿಲಿಂಡರ್, ಮೂರು ಮೇನ್ ಬೇರಿಂಗ್. ಬೋರು, ಸ್ಟ್ರೋಕು ಕೂಡ ಒಂದೇ, ಎರಡೂ 3.3 ಲೀಟರ್. ಪವರ್ ಮಾತ್ರ 40ರಿಂದ 50 ಅಶ್ವಶಕ್ತಿಗೆ ಏರಿತು, ಜೊತೆಗೆ ಜರ್ನಲ್ ದಪ್ಪವಾಯಿತು. ಅದಕ್ಕೂ ಹಿಂದಿನ 20 ಅಶ್ವಶಕ್ತಿಯ ಮಾಡೆಲ್ ಟಿಯಲ್ಲಿ ಮೇನ್, ರಾಡ್ ಎರಡೂ 1.248 ಇಂಚು ಅಷ್ಟೇ. ಮೂರನ್ನೂ ಅಕ್ಕಪಕ್ಕ ಇಟ್ಟರೆ ಟಿ ಕ್ರ್ಯಾಂಕು ಪಾಪ, ಕಡ್ಡಿ ಥರ ಕಾಣುತ್ತದೆ. ಯಾವ ಕ್ರ್ಯಾಂಕು ಅಂತ ಗುರುತು ಹಿಡಿಯಲು ವರ್ನಿಯರ್ ಸಾಕೇ ಸಾಕು.

ಆದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು. ನನ್ನ ವರ್ನಿಯರಿನ ಅತಿ ಸಣ್ಣ ಗೆರೆ 0.02 ಮಿ.ಮೀ. ಈ ಎಂಜಿನ್ನಿನಲ್ಲಿ ಬೇರಿಂಗಿಗೂ ಜರ್ನಲ್‌ಗೂ ನಡುವೆ ಬಿಡುವ ಸಂದೇ ಒಂದರಿಂದ ಒಂದೂವರೆ ಥೌ (ಇಂಚಿನ ಸಾವಿರದ ಒಂದು ಭಾಗ), ಅಂದರೆ 0.025ರಿಂದ 0.038 ಮಿ.ಮೀ. ಕೈ ಒತ್ತಡ ಸ್ವಲ್ಪ ಹೆಚ್ಚುಕಮ್ಮಿ ಆದರೂ ಆ ಸಂದಿನಷ್ಟೇ ವ್ಯತ್ಯಾಸ ಬರುತ್ತದೆ. ಮೂರನೇ ಪಿನ್ನನ್ನು ಐದು ಸಲ ಅಳೆದೆ, ನಾಲ್ಕು ಬೇರೆ ಬೇರೆ ಉತ್ತರ ಬಂತು. ಮೂಲೆಯಲ್ಲಿರುವ ಗುಂಡನೆಯ ತಿರುವಿಗೆ ವರ್ನಿಯರಿನ ದವಡೆ ತಾಗಿದರಂತೂ ಅಳತೆ ಇನ್ನೂ ಜಾಸ್ತಿ ತೋರಿಸುತ್ತದೆ.

ಆಮೇಲೆ ಪ್ಲಾಸ್ಟಿಗೇಜ್. ಇದು ಮೇಣದಂಥ ಸಣ್ಣ ಎಳೆ. ಎಣ್ಣೆ ಒರೆಸಿ, ಎಳೆಯನ್ನು ಜರ್ನಲ್ ಮೇಲೆ ಉದ್ದಕ್ಕೆ ಇಟ್ಟು, ಕ್ಯಾಪ್ (ಬೇರಿಂಗಿನ ಬಿಚ್ಚುವ ಅರ್ಧ) ಕೂರಿಸಿ ಸರಿಯಾದ ಟಾರ್ಕಿಗೆ (ಬೋಲ್ಟಿನ ಬಿಗಿತಕ್ಕೆ) ಬಿಗಿಮಾಡಬೇಕು. ಕ್ರ್ಯಾಂಕು ಅಲುಗಾಡಲೇಬಾರದು. ಬಿಚ್ಚಿ ನೋಡಿದರೆ ಎಳೆ ಚಪ್ಪಟೆಯಾಗಿರುತ್ತದೆ. ಎಷ್ಟು ಅಗಲವಾಗಿದೆಯೋ ಸಂದು ಅಷ್ಟು ಕಡಿಮೆ. ಹಸಿರು ಎಳೆ 0.025ರಿಂದ 0.076 ಮಿ.ಮೀ. ವರೆಗೆ, ಕೆಂಪು 0.05ರಿಂದ 0.15ರ ವರೆಗೆ ಅಳೆಯುತ್ತದೆ.

ಮೂರನೇ ಪಿನ್ನಿಗೆ ಹಸಿರು ಎಳೆ ಇಟ್ಟಾಗ 0.038 ತೋರಿಸಿತು. ಖುಷಿಯಾಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಎಂಜಿನ್ ಹಾಗೇ ಜೋಡಿಸಿಬಿಡುತ್ತಿದ್ದೆ. ಯಾಕೋ ಸಮಾಧಾನ ಆಗಲಿಲ್ಲ. ಕ್ಯಾಪ್ ತೆಗೆದು, ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ, ಹೊಸ ಎಳೆ ಇಟ್ಟೆ. ಈ ಸಲ ಎಳೆ ಹೆಚ್ಚುಕಮ್ಮಿ ಗುಂಡಗೇ ಉಳಿದಿತ್ತು, ಸ್ಕೇಲಿನ ಕೊನೆಯ ಗೆರೆಗಿಂತಲೂ ಸಣ್ಣ. ಕೆಂಪು ಎಳೆ ಹಾಕಿದಾಗ 0.1ರ ಹತ್ತಿರ ಬಂತು. ಪಿನ್ ಗುಂಡಗಿಲ್ಲ, ಮೊಟ್ಟೆಯಂತೆ ಸವೆದಿದೆ!

ಅದೇ ಪಿನ್ನಿಗೆ ಮೈಕ್ರೋಮೀಟರ್ ಹಿಡಿದೆ. 25–50 ಮಿ.ಮೀ.ಯದು ಮಾಡೆಲ್ ಎಯ ಎಲ್ಲ ಜರ್ನಲ್‌ಗೂ ಆಗುತ್ತದೆ. ಬಿಯ ಮೇನ್‌ಗೆ ದೊಡ್ಡದು ಬೇಕು. ಒಂದು ದಿಕ್ಕಿನಲ್ಲಿ 38.01. ಮೈಕ್ರೋಮೀಟರನ್ನು ಅಡ್ಡ ತಿರುಗಿಸಿದರೆ 37.95. ವ್ಯತ್ಯಾಸ 0.06, ಪ್ಲಾಸ್ಟಿಗೇಜ್ ತೋರಿಸಿದ ವ್ಯತ್ಯಾಸವೂ ಅಷ್ಟೇ. ಒಂದನೇ ಪಿನ್ 38.04 ಮತ್ತು 38.03, ಅದು ಚೆನ್ನಾಗಿದೆ. ಪ್ರತಿ ಪಿನ್ನಿನ ಎರಡು ತುದಿಯಲ್ಲೂ ಅಳೆದರೆ ಟೇಪರ್ (ಒಂದು ತುದಿ ಇನ್ನೊಂದಕ್ಕಿಂತ ಸಣ್ಣದಾಗಿರುವುದು) ಕೂಡ ಗೊತ್ತಾಗುತ್ತದೆ. ಮೈಕ್ರೋಮೀಟರಿನ ಥಿಂಬಲ್ (ಗೆರೆಗಳಿರುವ ತಿರುಗುವ ಹಿಡಿ) ಹಿಡಿದು ಬಿಗಿಮಾಡದೆ ತುದಿಯ ರ‍್ಯಾಚೆಟ್ (ಒತ್ತಡ ಮಿತಿ ಮೀರಿದರೆ ಜಾರುವ ತಿರುಪು) ತಿರುಗಿಸಿದರೆ ಪ್ರತಿ ಸಲವೂ ಅದೇ ಒತ್ತಡ, ಅದೇ ಅಳತೆ. ಐದು ಸಲ ಅಳೆದರೂ 0.01ಕ್ಕಿಂತ ಜಾಸ್ತಿ ಏರುಪೇರಾಗಲಿಲ್ಲ. ಬಿಸಿಲಿನಲ್ಲಿದ್ದ ಕ್ರ್ಯಾಂಕನ್ನು ತಂದ ತಕ್ಷಣ ಅಳೆಯಬೇಡಿ. 10 ಡಿಗ್ರಿ ವ್ಯತ್ಯಾಸಕ್ಕೆ ಇಷ್ಟು ದಪ್ಪದ ಉಕ್ಕು ಸುಮಾರು 0.005 ಮಿ.ಮೀ. ಹಿಗ್ಗುತ್ತದೆ.

ಮಾಡೆಲ್ ಎಯಲ್ಲಿ ಇದು ಯಾಕೆ ಮುಖ್ಯ ಅಂದರೆ, ಬೇರಿಂಗ್ ಬ್ಯಾಬಿಟ್ ಲೋಹದ್ದು, ಕ್ಯಾಪಿನ ಕೆಳಗೆ ತೆಳ್ಳನೆಯ ಶಿಮ್‌ಗಳು ಇರುತ್ತವೆ. ಸಂದು ಜಾಸ್ತಿಯಾದರೆ ಎರಡೂ ಬದಿ ಒಂದೊಂದು ಶಿಮ್ ತೆಗೆದು ಬಿಗಿಮಾಡಬಹುದು. ಆದರೆ ಮೊಟ್ಟೆಯಾಕಾರದ ಪಿನ್ನಿಗೆ ಹೀಗೆ ಮಾಡಿದರೆ ಸಣ್ಣ ದಿಕ್ಕಿನಲ್ಲಿ ಸರಿಹೋದದ್ದು ದಪ್ಪ ದಿಕ್ಕಿನಲ್ಲಿ ಹಿಡಿದುಕೊಳ್ಳುತ್ತದೆ. ಬ್ಯಾಬಿಟ್ ಮೆತ್ತನೆಯ ಲೋಹ, ಹೀಗೆ ಹಿಡಿದುಕೊಂಡರೆ ಬೇಗ ಹಾಳಾಗುತ್ತದೆ.

ಒಂದೇ ಸಾಧನ ಇಟ್ಟುಕೊಳ್ಳುವುದಾದರೆ ನಾನು ಮೈಕ್ರೋಮೀಟರ್ ಆರಿಸುತ್ತೇನೆ. ಪ್ಲಾಸ್ಟಿಗೇಜನ್ನು ಕೊನೆಯ ಪರೀಕ್ಷೆಗೆ ಇಟ್ಟುಕೊಳ್ಳಿ, ಬೇರಿಂಗಿನ ಒಳಅಳತೆಯೂ ಸೇರಿದ ನಿಜವಾದ ಸಂದನ್ನು ತೋರಿಸುವುದು ಅದೊಂದೇ. ಆದರೆ ಒಂದು ದಿಕ್ಕಿನಲ್ಲಿ ಮಾತ್ರ ನೋಡಿ ನಂಬಬೇಡಿ.

ನನ್ನ ಕ್ರ್ಯಾಂಕಿನ ನಾಲ್ಕೂ ಪಿನ್‌ಗಳನ್ನು 10 ಥೌ ಅಂಡರ್‌ಸೈಜಿಗೆ (ಮೂಲ ಅಳತೆಗಿಂತ ಅಷ್ಟು ಸಣ್ಣಗೆ), ಅಂದರೆ 37.82ಕ್ಕೆ ಗ್ರೈಂಡ್ ಮಾಡಿಸಿದೆ. ಮೂಲೆಯ ಗುಂಡನೆಯ ತಿರುವು ಹಾಗೇ ಉಳಿಯಬೇಕು ಅಂತ ಮೊದಲೇ ಹೇಳಿದ್ದೆ, ಚೂಪಾದರೆ ಅಲ್ಲಿಂದಲೇ ಕ್ರ್ಯಾಂಕು ಬಿರುಕು ಬಿಡುತ್ತದೆ. ಅದೇ ಅಂಡರ್‌ಸೈಜಿನ ರಾಡ್‌ಗಳನ್ನು ಕೂರಿಸಿ, ಮೂರನೇ ಪಿನ್ನಿನ ಎರಡೂ ದಿಕ್ಕಿಗೆ ಹಸಿರು ಎಳೆ ಇಟ್ಟು ನೋಡಿದೆ. ಎರಡೂ ಒಂದೇ ಅಗಲಕ್ಕೆ ಚಪ್ಪಟೆಯಾಗಿದ್ದವು, 0.038.