ಹಳೇ ಬೆಂಜ್‌ನ ಮುಂದಿನ ಗ್ಲಾಸ್ ಬಿಚ್ಚಿ ಕೂರಿಸಿದ ಜೆ.ಸಿ. ರಸ್ತೆಯ ಉಸ್ತಾದ್

ನಮ್ಮದು 1996ರ ಮರ್ಸಿಡಿಸ್ ಇ220, ಕಂಪನಿಯ ಕೋಡಿನಲ್ಲಿ ಡಬ್ಲ್ಯು124. ಬೆಂಜ್‌ನವರು ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಜೊತೆ ಸೇರಿ ಪುಣೆಯಲ್ಲಿ ಮೊದಲು ತಯಾರಿಸಿದ ಮಾಡೆಲ್. ಮಳೆ ಜೋರಾದರೆ ಮುಂದಿನ ಗ್ಲಾಸಿನ ಕೆಳಮೂಲೆಯಿಂದ ನೀರು ಒಸರಿ ಡ್ರೈವರ್ ಕಾಲಡಿಯ ಕಾರ್ಪೆಟ್ ತೊಯ್ದು ಹೋಗುತ್ತಿತ್ತು. ಹಿಂದೊಮ್ಮೆ ಒಂದು ಗ್ಯಾರೇಜಿನವರು ಅಂಚಿಗೆ ಸಿಲಿಕೋನ್ ಬಳಿದು ‘ಆಯ್ತು’ ಅಂದಿದ್ದರು. ನೀರು ನಿಲ್ಲಲಿಲ್ಲ, ಒಳಗೆ ತುಕ್ಕು ಮಾತ್ರ ಹೆಚ್ಚಾಯಿತು.

ಅಂಬಾಸಿಡರ್ ಗ್ಲಾಸ್ ಆಗಿದ್ದರೆ ರಬ್ಬರ್ ಬೀಡಿಂಗ್ ಎಬ್ಬಿಸಿ, ದಾರ ಹಾಕಿ ಎಳೆದು ಕೂರಿಸಬಹುದು. ಇದು ಪೇಸ್ಟಿಂಗ್ ಗ್ಲಾಸ್. ಪಾಲಿಯುರೆಥೇನ್ ಅಂಟು ಗ್ಲಾಸನ್ನು ಬಾಡಿಗೆ ಹಿಡಿದಿಟ್ಟಿರುತ್ತದೆ. ಮೂಲ ಗ್ಲಾಸನ್ನೇ ಉಳಿಸಿಕೊಳ್ಳಬೇಕೆಂಬ ಆಸೆ ನನಗೆ. ಕೇಳಿದ ಕಡೆಯೆಲ್ಲ ‘ಹೊಸದು ಹಾಕಿಸಿ’ ಅನ್ನುವ ಉತ್ತರವೇ. ಬೆಂಗಳೂರಿನ ಜೆ.ಸಿ. ರಸ್ತೆಯ ಅಡ್ಡಗಲ್ಲಿಯ ಈ ಪುಟ್ಟ ಅಂಗಡಿಯ ಉಸ್ತಾದ್ ಮಾತ್ರ ಅಂಚನ್ನೆಲ್ಲ ಉಗುರಿನಲ್ಲಿ ತಡವಿ ನೋಡಿ, “ಅಂಚಲ್ಲಿ ಎಲ್ಲೂ ಚಕ್ಕೆ ಎದ್ದಿಲ್ಲ ಮೇಡಂ, ಬರುತ್ತೆ. ಆದ್ರೆ ಹಳೇ ಗ್ಲಾಸು, ಒಡೆದ್ರೆ ನನ್ನ ಕೇಳ್ಬೇಡಿ” ಅಂದರು. ಕೆಲಸಕ್ಕೆ ಮುಂಚೆಯೇ ಇದನ್ನು ಹೇಳಿದ್ದು ನನಗೆ ಹಿಡಿಸಿತು.

ಈ ಕಾರಿಗೆ ಒಂದೇ ವೈಪರ್. ಮೊದಲು ಅದನ್ನೂ ಅದರ ಕೆಳಗಿನ ಕವರನ್ನೂ ಕಳಚಿದರು. ಡ್ಯಾಶ್‌ಬೋರ್ಡ್ ಮೇಲೆ ದಪ್ಪ ಕಂಬಳಿ ಹಾಸಿದರು. ದಬ್ಬಳದಿಂದ ಅಂಟಿಗೆ ತೂತು ಮಾಡಿ ತೆಳು ತಂತಿ ತೂರಿಸಿ, ಉಸ್ತಾದ್ ಹೊರಗೆ, ಹುಡುಗ ಒಳಗೆ, ಇಬ್ಬರೂ ಗರಗಸ ಎಳೆದಂತೆ ಹಿಂದೆ ಮುಂದೆ ಎಳೆಯತೊಡಗಿದರು. ನೇರ ಜಾಗದಲ್ಲಿ ಸರಸರ ಸಾಗಿದ ತಂತಿ ಮೂಲೆಗೆ ಬಂದಾಗ “ನಿಧಾನ, ನಿಧಾನ” ಅನ್ನುತ್ತ ಉಸ್ತಾದ್ ಒಂದು ಅಂಗೈಯನ್ನು ಗ್ಲಾಸಿನ ಮೇಲೆ ಒತ್ತಿ ಹಿಡಿದರು. ಎರಡು ಪದರದ ಗ್ಲಾಸ್ ಅದು. ಮೂಲೆಯಲ್ಲಿ ತಂತಿ ಓರೆಯಾಗಿ ಮೀಟಿದರೆ ಬಿರುಕು ಅಲ್ಲಿಂದಲೇ ಓಡುತ್ತದೆ. ವ್ಯಾಕ್ಯೂಮ್ ಕಪ್ ಅಂಟಿಸಿ ಗ್ಲಾಸನ್ನು ಇಡಿಯಾಗಿ ಎತ್ತುವವರೆಗೆ ನಾನು ಕುರ್ಚಿಯಲ್ಲಿ ಕೂತಿರಲಾರದೆ ಗಲ್ಲಿಯಲ್ಲೇ ಓಡಾಡುತ್ತಿದ್ದೆ.

ಕೆಳಮೂಲೆಯಲ್ಲಿ ಬೆರಳಿನಷ್ಟು ಉದ್ದಕ್ಕೆ ತಗಡು ತಿಂದು ಹೋಗಿತ್ತು. ಈ ಅಂಗಡಿಗೆ ನಾನು ಪೂರ್ತಿ ಅಂಕ ಕೊಡುವುದು ಇಲ್ಲಿಗೇ. ಅದರ ಮೇಲೆಯೇ ಅಂಟು ಹಾಕಿ ಸಂಜೆಗೆ ಕೀ ಕೊಟ್ಟಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. “ಇವತ್ತು ಕೂರ್ಸೋದು ಬೇಡ” ಅಂತ ಪಕ್ಕದ ಟಿಂಕರನ್ನು ಕರೆಸಿ, ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿ, ಪ್ರೈಮರ್ ಮತ್ತು ಬಣ್ಣ ಚೆನ್ನಾಗಿ ಒಣಗುವವರೆಗೆ ಕಾರನ್ನು ಶೆಡ್ಡಿನೊಳಗೇ ಇಟ್ಟುಕೊಂಡರು. ಗಟ್ಟಿಯಾಗಿದ್ದ ಕಡೆ ಹಳೇ ಅಂಟನ್ನು ಪೂರ್ತಿ ಕೆರೆಯಲಿಲ್ಲ. ಒಂದೆರಡು ಮಿಲಿಮೀಟರ್ ಪದರ ಬಿಟ್ಟು ಮೇಲಷ್ಟೇ ಸಮ ಮಾಡಿದರು. ಹೊಸ ಅಂಟು ಆಗತಾನೇ ಕೊಯ್ದ ಹಳೇ ಅಂಟಿನ ಮೇಲೆ ಚೆನ್ನಾಗಿ ಕೂರುತ್ತದೆ, ಬಣ್ಣವೂ ಗೀರಾಗುವುದಿಲ್ಲ. ಸಿಲಿಕೋನ್ ಮೆತ್ತಿದ್ದ ಜಾಗವನ್ನು ಮಾತ್ರ ಒಂದು ಚೂರೂ ಬಿಡದೆ ತೆಗೆದರು. ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಕೂರಿಸುವ ದಿನ ಮೊದಲು ಬರಿ ಗ್ಲಾಸ್ ಇಟ್ಟು ನೋಡಿ, ಟೇಪಿನಿಂದ ಗುರುತು ಮಾಡಿದರು. ಗ್ಲಾಸಿನ ಅಂಚಿಗೆ ಕ್ಲೀನರ್, ಆಮೇಲೆ ಕಪ್ಪು ಪ್ರೈಮರ್. ಟ್ಯೂಬಿನ ಮೂತಿಯನ್ನು ‘ವಿ’ ಆಕಾರಕ್ಕೆ ಕತ್ತರಿಸಿದ್ದರಿಂದ ಅಂಟು ತ್ರಿಕೋನವಾಗಿ ಎದ್ದು ನಿಂತಿತು. ಎಲ್ಲೂ ಕೈ ತಡೆಯದೆ ಒಂದೇ ಸುತ್ತು. ಬಳಸಿದ್ದು ಸಿಕಾ ಕಂಪನಿಯ ಅಂಟು. ಸೀಲ್ ಒಡೆಯುವ ಮೊದಲು ಟ್ಯೂಬ್ ಮೇಲಿನ ತಾರೀಖನ್ನು ನನಗೆ ತೋರಿಸಿದರು.

ಈ ಅಂಟು ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ದಿನಕ್ಕೆ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಅದಕ್ಕೇ ಅವತ್ತು ಕಾರು ಕೊಡಲಿಲ್ಲ. ಮರುದಿನ ಕೊಟ್ಟಾಗಲೂ ಕಿಟಕಿ ಸ್ವಲ್ಪ ಇಳಿಸಿಡಿ, ಬಾಗಿಲು ಜೋರಾಗಿ ಹಾಕಬೇಡಿ, ಒಳಗಿನ ಗಾಳಿ ಗ್ಲಾಸನ್ನು ಹೊರಕ್ಕೆ ನೂಕುತ್ತದೆ ಅಂತ ಹುಡುಗ ಬಿಡಿಸಿ ಹೇಳಿದ.

ದೂರುಗಳೂ ಇವೆ. ಫೋನ್ ಎತ್ತುವುದಿಲ್ಲ. ಗ್ಲಾಸಿನ ಅಂಚು ಮುಚ್ಚುವ ಪಟ್ಟಿ, ಅಂದರೆ ಮೌಲ್ಡಿಂಗ್, ಹೊಸದು ಅವರಲ್ಲಿರಲಿಲ್ಲ, ನಾನೇ ತರಿಸಿಕೊಟ್ಟೆ. ವಾರಂಟಿ ಬಾಯಿಮಾತಿನದು, ಬಿಲ್ ಕೇಳಿದ ಮೇಲೆ ಬರೆದುಕೊಟ್ಟರು. ಗ್ಲಾಸ್ ಕೆಲಸಕ್ಕೆ 7,500 ರೂಪಾಯಿ, ಟಿಂಕರಿಂಗ್ ಬೇರೆ. ಆಮೇಲೆ ಎರಡು ದೊಡ್ಡ ಮಳೆ ಬಂದವು, ಕಾರ್ಪೆಟ್ ಒಣಗಿಯೇ ಇದೆ.

ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯಬೇಕು ಅನ್ನುವವರಿಗೆ ಈ ಅಂಗಡಿ ಆಗುವುದಿಲ್ಲ. ಹಳೇ ಕಾರಿನ ಮೂಲ ಗ್ಲಾಸ್ ಉಳಿಸಿಕೊಳ್ಳಬೇಕು ಅನ್ನುವವರು ಒಂದು ವಾರ ಬಿಡುವು ಮಾಡಿಕೊಂಡು, ಮೌಲ್ಡಿಂಗ್ ಮೊದಲೇ ಕೈಯಲ್ಲಿಟ್ಟುಕೊಂಡು ಹೋಗಿ.