ಕುದುರೆಮುಖವೆಂದು ಹಣ ಪಡೆದು ನೇತ್ರಾವತಿಗೆ ಕಳಿಸಿದರು: ಟಿಕೆಟ್ ನೋಡದೆ ಹೊರಡಬೇಡಿ

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣ ಮಾಡಲು ಬೆಂಗಳೂರಿನ ಆಯೋಜಕರೊಬ್ಬರಿಗೆ ಹಣ ಕಟ್ಟಿ ಹೋಗುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಿ. ಕಚೇರಿಯ ನಾಲ್ವರು ಸಹೋದ್ಯೋಗಿಗಳಿಂದ ತಲಾ 3,800 ರೂಪಾಯಿ ಸಂಗ್ರಹಿಸಿ, ನನ್ನದನ್ನೂ ಸೇರಿಸಿ ಕಟ್ಟಿದವನು ನಾನೇ ಆದ್ದರಿಂದ ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಆ ಉದ್ಯಾನದಲ್ಲಿ ನೇತ್ರಾವತಿ, ಕುರಿಂಜಾಲ್, ಗಂಗಡಿಕಲ್ಲು ಮುಂತಾದ ದಾರಿಗಳಿದ್ದರೂ ನಾವು ಬಹಳ ಯೋಚಿಸಿಯೇ ಕುದುರೆಮುಖ ಶಿಖರವನ್ನು ಆರಿಸಿಕೊಂಡಿದ್ದೆವು. ಮುಳ್ಳೋಡಿ ಹಳ್ಳಿಯಿಂದ ಹೊರಟು, ಒಂಟಿಮರ ಎಂಬ ಜಾಗ ದಾಟಿ, ಹಳ್ಳಗಳನ್ನೂ ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡನ್ನೂ ಹಾದು ಸುಮಾರು 1,890 ಮೀಟರ್ ಎತ್ತರದ ಶಿಖರ ತಲುಪಿ ಹಿಂದಿರುಗಲು ಹೆಚ್ಚುಕಡಿಮೆ 20 ಕಿಲೋಮೀಟರ್ ನಡೆಯಬೇಕು. ಅದಕ್ಕಾಗಿಯೇ ನಮ್ಮಲ್ಲೊಬ್ಬರು ಎರಡು ತಿಂಗಳು ಪ್ರತಿ ಭಾನುವಾರ ನಂದಿಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದರು.

ಅರಣ್ಯ ಇಲಾಖೆಯ ಅನುಮತಿಗೆ, ಅಂದರೆ ಚಾರಣದ ಟಿಕೆಟ್‌ಗೆ, ದಿನಕ್ಕೆ ಇಂತಿಷ್ಟೇ ಜನವೆಂಬ ಮಿತಿಯಿದೆ, ವಾರಾಂತ್ಯದಲ್ಲಿ ಬೇಗ ತುಂಬುತ್ತದೆ ಎಂಬುದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆಯೋಜಕರು ಐವರ ಆಧಾರ್ ಸಂಖ್ಯೆ ಪಡೆದಾಗ ಟಿಕೆಟ್ ಮಾಡಿಸುತ್ತಿದ್ದಾರೆಂದೇ ನಂಬಿದೆ. ಟಿಕೆಟ್ ಕಳಿಸಿ ಎಂದು ಎರಡು ಬಾರಿ ಕೇಳಿದ್ದೆ. "ಗ್ರೂಪ್ ಟಿಕೆಟ್ ಸರ್, ಒಬ್ಬೊಬ್ಬರಿಗೆ ಕಳಿಸೋದಿಲ್ಲ, ಕುದುರೆಮುಖ ಕನ್ಫರ್ಮ್" ಎಂಬ ಉತ್ತರ ಬಂದಿತ್ತು.

ರಾತ್ರಿಯಿಡೀ ಪ್ರಯಾಣಿಸಿ ಉದ್ಯಾನದ ಬಳಿಯ ಸಂಸೆಯ ಹೋಂಸ್ಟೇಯಲ್ಲಿ ತಿಂಡಿ ಮುಗಿಸಿ ಜೀಪು ಹತ್ತುವವರೆಗೂ ಆಯೋಜಕರ ಕಡೆಯವರು ಯಾರೂ ದಾರಿ ಬದಲಾದ ಬಗ್ಗೆ ತುಟಿ ಬಿಚ್ಚಲಿಲ್ಲ. ತಪಾಸಣೆಯ ಜಾಗದಲ್ಲಿ ಅರಣ್ಯ ಸಿಬ್ಬಂದಿ ನಮ್ಮ ಹೆಸರುಗಳನ್ನು ಓದಿ, "ನೇತ್ರಾವತಿಗೆ ಐದು ಜನ ಅಲ್ವಾ?" ಎಂದರು. ತಪ್ಪಿರಬೇಕೆಂದು ಮುಂದೆ ಹೋಗಿ ಟಿಕೆಟನ್ನು ನಾನೇ ನೋಡಿದೆ. ಅದರಲ್ಲಿ ಇದ್ದದ್ದು ನೇತ್ರಾವತಿ ಚಾರಣವೇ. ಅದಕ್ಕಿಂತ ಹೆಚ್ಚಾಗಿ, ಅದನ್ನು ಕಾಯ್ದಿರಿಸಿದ ದಿನಾಂಕ ಒಂಬತ್ತು ದಿನ ಹಿಂದಿನದು. ನನಗೆ "ಕನ್ಫರ್ಮ್" ಎಂಬ ಸಂದೇಶ ಬಂದದ್ದು ಅದಾದ ಐದು ದಿನಗಳ ನಂತರ. ಕುದುರೆಮುಖ ಇಲ್ಲವೆಂದು ತಿಳಿದೇ, ನಾನು ಕೇಳಿದಾಗಲೂ ತಿಳಿದೇ, ಸುಳ್ಳು ಹೇಳಿದ್ದಾರೆ. ಹಿಂದೆ ನಿಂತಿದ್ದ ನಾಲ್ವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಜೊತೆಗಿದ್ದ ಆಯೋಜಕರ ಹುಡುಗ, "ಎರಡೂ ಒಂದೇ ಪಾರ್ಕ್ ಸರ್, ವ್ಯೂ ಕೂಡ ಒಂದೇ" ಎಂದ. ಫೋನಿನಲ್ಲಿ ಸಿಕ್ಕ ಮಾಲೀಕರು, "ನಿಮ್ಮ ಟ್ರಿಪ್ ಹಾಳಾಗಬಾರದು ಅಂತ ನಾವೇ ವ್ಯವಸ್ಥೆ ಮಾಡಿದೆವು" ಎಂದರು, ಉಪಕಾರ ಮಾಡಿದವರಂತೆ! ಮೊದಲೇ ಹೇಳಿದ್ದರೆ ದಿನಾಂಕವನ್ನು ಮುಂದೂಡುತ್ತಿದ್ದೆವು. ನೇತ್ರಾವತಿ ಸುಂದರವಾದ ದಾರಿ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಅದು ನಾವು ಆರಿಸಿದ ದಾರಿಯಲ್ಲ.

ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ನೀವೇ ಟಿಕೆಟ್ ಮಾಡಿ. ಆಯೋಜಕರ ಮೂಲಕವೇ ಹೋಗುವುದಾದರೆ ನಿಮ್ಮ ಹೆಸರು, ದಿನಾಂಕ, ಮುಖ್ಯವಾಗಿ ಚಾರಣದ ಹೆಸರು ಇರುವ ಟಿಕೆಟ್ ಕೈಸೇರುವ ತನಕ ಪೂರ್ತಿ ಹಣ ಕೊಡಬೇಡಿ. "ಗ್ರೂಪ್ ಟಿಕೆಟ್" ಎಂದು ಯಾರಾದರೂ ಹೇಳಿದರೆ ಅದನ್ನೇ ತೋರಿಸಲು ಹೇಳಿ. ತೋರಿಸದವರ ಜೊತೆ ಹೊರಡಬೇಡಿ.

ಹಣ ವಾಪಸು ಕೇಳಿ ಮೂರು ವಾರವಾಯಿತು. ಮುಂದಿನ ಚಾರಣಕ್ಕೆ ತಲಾ 300 ರೂಪಾಯಿ ರಿಯಾಯಿತಿ ಕೊಡುತ್ತೇವೆ ಎಂಬುದು ಅವರಿಂದ ಬಂದ ಕೊನೆಯ ಸಂದೇಶ.