ಟಿಕೆಟ್ ತಗೊಂಡು ಕಂಡವರ ಹಿತ್ತಲು ನೋಡಿ ಬಂದೆವು

ನಮ್ಮಮ್ಮ ಸಾಗರದ ಕಡೆಯವಳು. ಯಾರ ಮನೆಗೆ ಹೋದರೂ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಹಿತ್ತಲಿಗೆ ನಡೆಯುತ್ತಾಳೆ, ವಾಪಸ್ ಬರುವಾಗ ಕೈಯಲ್ಲಿ ಎರಡು ಕಡ್ಡಿ ಇದ್ದೇ ಇರುತ್ತವೆ. ಅಂಥವಳು ಹೋದ ತಿಂಗಳು, ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತರೆ ಹೇಗಿರಬೇಡ! ಒಂದು ವಾರಕ್ಕೇ ಕಿಟಕಿ ಹತ್ತಿರ ನಿಂತು ಕೆಳಗಿನ ಮನೆಯವರ ಗುಲಾಬಿಗೆ ನೀರು ಸಾಲದು ಎಂದು ಗೊಣಗಲು ಶುರು ಮಾಡಿದಳು.

ಮೊದಲು ಒಂದು ಕಂಪನಿಯ ಬಸ್ ಟೂರ್‌ಗೆ ಕರೆದುಕೊಂಡು ಹೋದೆ. ಹೆಸರು ಬೇಡ. ದೊಡ್ಡ ಬಂಗಲೆ, ಚೌಕಾಕಾರ ಕತ್ತರಿಸಿದ ಬೇಲಿ, ತೋಟಕ್ಕಿಂತ ಗಿಫ್ಟ್ ಅಂಗಡಿಯಲ್ಲೇ ಜಾಸ್ತಿ ಹೊತ್ತು. "ಇದು ತೋಟ ಅಲ್ಲ, ಕಟಿಂಗ್ ಶಾಪು" ಅಂದಳು ಅಮ್ಮ. ದುಡ್ಡು ದಂಡ.

ಆಮೇಲೆ ಆಫೀಸಿನ ಗೆಳತಿ ಹೇಳಿದ್ದು ನ್ಯಾಷನಲ್ ಗಾರ್ಡನ್ ಸ್ಕೀಮ್ ಬಗ್ಗೆ. ಇಲ್ಲಿ ಹತ್ತು ವರ್ಷ ಇದ್ದರೂ ನನಗೆ ಗೊತ್ತಿರಲಿಲ್ಲ, ರಸ್ತೆ ಬದಿಯ ಹಳದಿ ಬೋರ್ಡನ್ನು ಎಷ್ಟೋ ಸಲ ನೋಡಿ ಯಾರದೋ ಮನೆ ಮಾರಾಟಕ್ಕಿದೆ ಅಂದುಕೊಂಡು ಮುಂದೆ ಹೋಗಿದ್ದೆ. ವಿಷಯ ಇಷ್ಟೇ. ಸಾಮಾನ್ಯ ಜನ ವರ್ಷಕ್ಕೆ ಒಂದೋ ಎರಡೋ ದಿನ ತಮ್ಮ ಮನೆಯ ತೋಟದ ಗೇಟು ತೆಗೆದಿಡುತ್ತಾರೆ. ನಾವು ಟಿಕೆಟ್ ತಗೊಂಡು ನೋಡಬಹುದು, ಆ ದುಡ್ಡು ರೋಗಿಗಳ ಆರೈಕೆ ಮಾಡುವ ನರ್ಸಿಂಗ್, ಆರೋಗ್ಯ ಸೇವಾಸಂಸ್ಥೆಗಳಿಗೆ ಹೋಗುತ್ತದೆ. ಶುರುವಾಗಿದ್ದು 1927ರಲ್ಲಿ. ಆಗ ಇಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಇರಲಿಲ್ಲ, ಅದು ಬಂದಿದ್ದು 1948ಕ್ಕೆ. ಮನೆಮನೆಗೆ ಹೋಗುವ ನರ್ಸುಗಳನ್ನು ಸಾಕುವುದಕ್ಕೆ ಚಂದಾ ಎತ್ತಬೇಕಿತ್ತು. ಮೊದಲ ವರ್ಷವೇ 609 ತೋಟ ತೆರೆದರಂತೆ, ಟಿಕೆಟ್ ಒಂದು ಶಿಲ್ಲಿಂಗ್. ಈಗ ಸುಮಾರು 3,500 ತೋಟಗಳಿವೆ.

ನನ್ನ ಸಲಹೆ ಒಂದೇ. ಒಂದೇ ಮನೆಯ ತೋಟಕ್ಕೆ ಹೋಗಬೇಡಿ, ಇಡೀ ಹಳ್ಳಿ ಸೇರಿ ತೆರೆಯುವ ದಿನ ಹುಡುಕಿ. ನಾವು ಹೋದ ಊರಲ್ಲಿ ತಲೆಗೆ 7 ಪೌಂಡ್, ಎಂಟು ಮನೆ. ಟಿಕೆಟ್ ಜೊತೆ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ ಒಂದು ನಕ್ಷೆ. ಮನೆ ಒಳಗೆ ಬಿಡುವುದಿಲ್ಲ, ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಬೇಕು. ಆದರೂ ಅಡುಗೆಮನೆ ಕಿಟಕಿಯಲ್ಲಿ ಒಣಗಲು ಇಟ್ಟ ಪಾತ್ರೆ ಕಾಣುತ್ತದೆ, ಅದನ್ನೂ ನೋಡುತ್ತೀರಿ, ಸುಳ್ಳು ಯಾಕೆ.

ಎಂಟರಲ್ಲಿ ಎರಡು ಸಪ್ಪೆ. ಹುಲ್ಲು, ಮತ್ತೆ ಹುಲ್ಲು, ನಡುವೆ ಒಂದು ಬೆಂಚು. ನಾಲ್ಕು ಚೆನ್ನಾಗಿದ್ದವು. ಒಂದರಲ್ಲಿ ಪ್ಲಮ್ ಹಣ್ಣು ರುಚಿ ನೋಡಲು ಕೊಟ್ಟರು. ಆದರೆ ನಾವು ಒಂದೂವರೆ ಗಂಟೆ ಕಳೆದದ್ದು ಕೊನೆಯ ಮನೆಯಲ್ಲಿ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಮೊಣಕಾಲಿನ ಹತ್ತಿರ ಮಣ್ಣು ಹತ್ತಿದ ಪ್ಯಾಂಟು, ಹಿತ್ತಲ ತುಂಬ ಡೇರೆ ಹೂವು!

ಮಲೆನಾಡಿನವರಿಗೆ ಡೇರೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಊರಿನವರಿಗೆಲ್ಲ ಡೇಲಿಯಾ ಆದರೆ ನಮಗೆ ಡೇರೆ. ಮಳೆಗಾಲ ಶುರುವಾಗುವಾಗ ಗೆಡ್ಡೆ ಊರಿ, ಚೌತಿ ಹೊತ್ತಿಗೆ ಹೂವು ಬಂದರೆ ಆ ವರ್ಷ ಅಮ್ಮನನ್ನು ಹಿಡಿಯುವವರಿಲ್ಲ. ಇಲ್ಲಿ ತಟ್ಟೆಯಗಲದ ಕಡುಗೆಂಪು ಹೂವು ನೋಡಿ ಅವಳು ಹಾಗೇ ನಿಂತುಬಿಟ್ಟಳು.

ಪ್ರತಿ ಗಿಡದ ಪಕ್ಕ ಒಂದು ಕೋಲು, ಕೋಲಿನ ತುದಿಗೆ ಬೋರಲು ಹಾಕಿದ ಪುಟ್ಟ ಮಣ್ಣಿನ ಕುಂಡ. ದೃಷ್ಟಿ ತೆಗೆಯಲು ಇರಬೇಕು ಎಂದು ಅಮ್ಮನ ಊಹೆ. ನಮ್ಮಲ್ಲಿ ಸುಣ್ಣದ ಬೊಟ್ಟು ಇಟ್ಟ ಮಡಕೆ ಇರುವುದಿಲ್ವಾ, ಹಾಗೆ. ಕೇಳಿದರೆ ಅಜ್ಜಿ ಒಂದು ಕುಂಡ ತೆಗೆದು ಒಳಗಿನ ಹುಲ್ಲು ಕೊಡವಿದರು. ನಾಲ್ಕೈದು ಕಂದು ಹುಳು ಉದುರಿದವು, ಬಾಲದಲ್ಲಿ ಇಕ್ಕಳ. ಇಯರ್‌ವಿಗ್ ಅಂತ ಹೆಸರು. ರಾತ್ರಿ ಹೂವಿನ ಎಸಳು ತಿಂದು ಬೆಳಗಾದರೆ ಕತ್ತಲಲ್ಲಿ ಅಡಗಿಕೊಳ್ಳುತ್ತವಂತೆ. ಅದಕ್ಕೇ ಈ ಕುಂಡ. ಅಮ್ಮ "ನಮ್ಮಲ್ಲಿ ಸಿಂಬಳದ ಹುಳದ್ದೇ ಕಾಟ, ಅದಕ್ಕೇನು ಮಾಡ್ತಾರೆ ಕೇಳು" ಅಂದಳು. ಕೇಳಿದೆ. "ರಾತ್ರಿ ಟಾರ್ಚು ಹಿಡಿದು ಹೆಕ್ಕುತ್ತೇನೆ" ಅಂದರು ಅಜ್ಜಿ. ಅಮ್ಮ ಮಾಡುವುದೂ ಅದನ್ನೇ. ಇಬ್ಬರೂ ಜೋರಾಗಿ ನಕ್ಕರು, ನನ್ನ ಅನುವಾದಕ್ಕೆ ಕಾಯಲೇ ಇಲ್ಲ.

ಇಲ್ಲಿ ಮೊದಲ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿಗೆ ಎಲೆಯೆಲ್ಲ ಕಪ್ಪಾಗುತ್ತದೆ. ಆಗ ಗೆಡ್ಡೆ ಕಿತ್ತು, ಒಣಗಿಸಿ, ಚಳಿ ತಾಗದ ಕಡೆ ಇಡುತ್ತಾರಂತೆ.

ಅಮ್ಮ ಎರಡು ಸಲ ನನ್ನ ಕಿವಿಯಲ್ಲಿ "ಒಂದು ಗೆಡ್ಡೆ ಕೇಳೇ" ಅಂದಳು. ನನಗೆ ನಾಚಿಕೆ. ಕೊನೆಗೆ ಗೇಟಿನ ಹತ್ತಿರ ಮಾರಾಟಕ್ಕಿಟ್ಟ ಕುಂಡದ ಡೇರೆಗಳಲ್ಲಿ ಒಂದನ್ನು 4 ಪೌಂಡ್ ಕೊಟ್ಟು ತಗೊಂಡೆ. ಊರಿಗೆ ಒಯ್ಯುವಂತಿಲ್ಲ. ಪರ್ಮಿಟ್ಟು, ರೋಗವಿಲ್ಲ ಎನ್ನುವ ಸರ್ಟಿಫಿಕೇಟು ಇಲ್ಲದೆ ಗಿಡ ಗೆಡ್ಡೆ ಭಾರತಕ್ಕೆ ತರುವ ಹಾಗಿಲ್ಲ. "ಬ್ಲೌಸ್ ಪೀಸಿನಲ್ಲಿ ಸುತ್ತಿದರೆ ಯಾರಿಗೆ ಗೊತ್ತಾಗುತ್ತೆ" ಅಂತ ವಾದ ಮಾಡಿದಳು. ನಾನು ಒಪ್ಪಲಿಲ್ಲ, ಆ ರಾತ್ರಿ ಮಾತಿಲ್ಲ.

ಹೋಗುವವರಿಗೆ ಎರಡು ಮಾತು. ಇಂಥ ಹಳ್ಳಿಗಳಿಗೆ ಭಾನುವಾರ ಬಸ್ಸು ಸಿಗುವುದು ಕಷ್ಟ, ನಾವು ಹೋಗುವಾಗ ಬಂದ ಬಸ್ಸು ಬರುವಾಗ ಬರಲೇ ಇಲ್ಲ, ಟ್ಯಾಕ್ಸಿಗೆ 28 ಪೌಂಡ್ ಸುರಿದೆವು. ಮೊಣಕಾಲು ನೋವಿನವರಿದ್ದರೆ ಮೆಟ್ಟಿಲು ಎಷ್ಟಿವೆ ಎಂದು ಮೊದಲೇ ವಿಚಾರಿಸಿ. ಚಹಾ, ಕೇಕು ಊರಿನವರೇ ಮಾಡಿದ್ದು. ನಿಂಬೆ ಕೇಕು ಬಿಡಬೇಡಿ. ಚಹಾ ಬಗ್ಗೆ ಸುಮ್ಮನಿರುತ್ತೇನೆ.

ಆ ಡೇರೆ ಈಗ ನಮ್ಮ ಬಾಲ್ಕನಿಯಲ್ಲಿದೆ. ಅಮ್ಮ ಫೋನಿನಲ್ಲಿ ಬಿಡದೆ ಹೇಳಿದ್ದಕ್ಕೆ ಪಕ್ಕದಲ್ಲಿ ಕೋಲು ನೆಟ್ಟು, ಮೊಸರಿನ ಖಾಲಿ ಡಬ್ಬವನ್ನು ಬೋರಲು ಹಾಕಿದ್ದೇನೆ. ಮೂರನೇ ಮಹಡಿ. ಇನ್ನೂ ಒಂದು ಹುಳವೂ ಬಿದ್ದಿಲ್ಲ.